ಪಿಯುಸಿಯಲ್ಲಿ ಮನಃಶಾಸ್ತ್ರ: ಸೇರುವ ಮುನ್ನ, ಸೇರಿದ ಮೇಲೆ

ಓದುಗರ ಪ್ರಶ್ನೆ: ನಾವು ಪಾಂಡವಪುರ ತಾಲ್ಲೂಕಿನವರು. ಮಗಳು ಈ ವರ್ಷ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಒಳ್ಳೆಯ ಅಂಕ ಬಂದಿದೆ. ಮೈಸೂರಿನಲ್ಲಿ ಆರ್ಟ್ಸ್ ಸೇರಿ ಮನಃಶಾಸ್ತ್ರ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. 'ಹುಚ್ಚರ ಡಾಕ್ಟರ್ ಆಗೋಕೆ ಹೋಗ್ತಾಳಾ?' ಅಂತ ನೆಂಟರು ಕೇಳುತ್ತಾರೆ. ಎರಡು ವರ್ಷ ಏನು ಓದಬೇಕು, ಪ್ರಾಕ್ಟಿಕಲ್‌ನಲ್ಲಿ ಏನು ಮಾಡಿಸುತ್ತಾರೆ, ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ, ಮುಂದೆ ದಾರಿ ಇದೆಯೇ?

ಉತ್ತರ: ಅವಳಿಗೆ ಮನಸ್ಸಿದ್ದರೆ ಧಾರಾಳವಾಗಿ ಸೇರಿಸಿ. ಆದರೆ ಅರ್ಜಿ ತುಂಬುವ ಮುಂಚೆ ಒಂದು ವಿಷಯ ಮನೆಯಲ್ಲೇ ಇತ್ಯರ್ಥವಾಗಬೇಕು. ನೆಂಟರು ಹೇಳುತ್ತಿರುವುದು ಮನೋವೈದ್ಯರ ಬಗ್ಗೆ. ಮನೋವೈದ್ಯರಾಗಲು ಎಂಬಿಬಿಎಸ್ ಮಾಡಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಬೇಕು. ಅದಕ್ಕೆ ನೀಟ್ ಬೇಕು, ನೀಟ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಆರ್ಟ್ಸ್ ತೆಗೆದುಕೊಂಡ ದಿನವೇ ಆ ಬಾಗಿಲು ಮುಚ್ಚುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಪದವಿ ಕೋರ್ಸ್ ಕೂಡ ಹಾಗೆಯೇ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಓದಿರಲೇಬೇಕು. 'ಮಾತು ಬಾರದ ಮಕ್ಕಳಿಗೆ ಸಹಾಯ ಮಾಡಬೇಕು' ಎಂಬ ಆಸೆಯಿಂದ ಆರ್ಟ್ಸ್‌ನಲ್ಲಿ ಮನಃಶಾಸ್ತ್ರ ತೆಗೆದುಕೊಂಡು, ಎರಡು ವರ್ಷ ಕಳೆದ ಮೇಲೆ ಇದು ಗೊತ್ತಾಗಿ ಪೇಚಾಡುವ ಮಕ್ಕಳಿದ್ದಾರೆ. ಹಾಗಾಗಿ ಮಗಳನ್ನು ನೇರವಾಗಿ ಕೇಳಿ: ಔಷಧ ಬರೆಯುವ ಡಾಕ್ಟರ್ ಆಗಬೇಕೇ, ಇಲ್ಲ ಜನರ ನಡವಳಿಕೆ, ಕಲಿಕೆ, ಆಪ್ತ ಸಮಾಲೋಚನೆ ಇವುಗಳ ಕಡೆ ಒಲವೇ? ಎರಡನೆಯದಾದರೆ ಆರ್ಟ್ಸ್‌ನಿಂದ ಹೋಗುವುದರಲ್ಲಿ ಏನೂ ತಪ್ಪಿಲ್ಲ.

ಇನ್ನೊಂದು ಮಾತು. ಮುಂದೆ ಬಿಎಯಲ್ಲಿ ಮನಃಶಾಸ್ತ್ರ ಓದಲು ಪಿಯುಸಿಯಲ್ಲೂ ಅದನ್ನೇ ಓದಿರಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ. ಇಷ್ಟಪಟ್ಟ ಕಾಂಬಿನೇಷನ್ ಹತ್ತಿರದ ಕಾಲೇಜಿನಲ್ಲಿ ಸಿಗಲಿಲ್ಲವೆಂದು ಅಳುವ ಅಗತ್ಯವಿಲ್ಲ, ಪದವಿಯಲ್ಲಿ ಶುರು ಮಾಡಬಹುದು. ಪಿಯುಸಿಯಲ್ಲೇ ಓದಿದವರಿಗೆ ಆಗುವ ಲಾಭವೆಂದರೆ, ಈ ಶಾಸ್ತ್ರ ತನಗೆ ಒಗ್ಗುತ್ತದೆಯೇ ಎಂಬುದು ಹದಿನೇಳನೇ ವಯಸ್ಸಿಗೇ ತಿಳಿದುಬಿಡುತ್ತದೆ.

ಹೆಚ್ಚಿನ ಮಕ್ಕಳು ಈ ವಿಷಯವನ್ನು 'ಮನಸ್ಸನ್ನು ಓದುವ ವಿದ್ಯೆ' ಅಂದುಕೊಂಡು ಬರುತ್ತಾರೆ. ಮೊದಲ ತಿಂಗಳಲ್ಲೇ ಚರ (ಬದಲಾಗುವ ಅಂಶ), ಪ್ರಾಕ್ಕಲ್ಪನೆ (ಪ್ರಯೋಗಕ್ಕೆ ಮುಂಚೆ ಮಾಡಿಕೊಳ್ಳುವ ಊಹೆ), ನಿಯಂತ್ರಿತ ಗುಂಪು (ಹೋಲಿಕೆಗೆಂದು ಇಡುವ ಗುಂಪು), ಸರಾಸರಿ ಎಂಬ ಮಾತುಗಳು ಬಂದಾಗ ಅರ್ಧ ಜನರಿಗೆ ನಿರಾಸೆಯಾಗುತ್ತದೆ. ಆದರೆ ಈ ಶಾಸ್ತ್ರದ ತಿರುಳೇ ಅದು. ನಡವಳಿಕೆಯನ್ನು ಅಳೆಯುವುದು, ಅಳತೆಯಲ್ಲಿ ಎಲ್ಲೆಲ್ಲಿ ತಪ್ಪು ನುಸುಳುತ್ತದೆಂದು ಹುಡುಕುವುದು, ಅಳೆಯದೆ ಯಾರ ಬಗ್ಗೆಯೂ ತೀರ್ಪು ಕೊಡದಿರುವುದು. ಇದು ರುಚಿಸಿದರೆ ನಿಮ್ಮ ಮಗಳು ಸರಿಯಾದ ಜಾಗಕ್ಕೆ ಬಂದಿದ್ದಾಳೆ.

ಅವಳು ಓದಲು ಬರುತ್ತಿರುವ ಮೈಸೂರೂ ಈ ಶಾಸ್ತ್ರಕ್ಕೆ ಹೊಸದಲ್ಲ. ಭಾರತದಲ್ಲಿ ಮೊದಲ ಮನಃಶಾಸ್ತ್ರ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಶುರುವಾಯಿತು. ಅದಾದ ಕೆಲವೇ ವರ್ಷಕ್ಕೆ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲೂ ವಿಭಾಗ ಬಂತು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ ಲಂಡನ್‌ನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಬುದ್ಧಿಶಕ್ತಿಯ ಅಧ್ಯಾಯದಲ್ಲಿ ನಿಮ್ಮ ಮಗಳು ಓದಲಿರುವ 'ಜಿ' ಅಂಶದ (ಎಲ್ಲ ಬೌದ್ಧಿಕ ಕೆಲಸಗಳ ಹಿಂದಿರುವ ಸಾಮಾನ್ಯ ಸಾಮರ್ಥ್ಯದ) ಸ್ಪಿಯರ್‌ಮನ್ ಇವರೇ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಬಾನುಲಿ ಕೇಂದ್ರ ಆರಂಭಿಸಿದವರೂ ಇದೇ ಗೋಪಾಲಸ್ವಾಮಿ.

ಕಾಲೇಜು ಆರಿಸುವಾಗ ಕೇಳಬೇಕಾದದ್ದು

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಮನಃಶಾಸ್ತ್ರ ಆ ನಾಲ್ಕರಲ್ಲಿ ಒಂದು. ಎಲ್ಲ ಆರ್ಟ್ಸ್ ಕಾಲೇಜುಗಳಲ್ಲೂ ಇದು ಇಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಹೆಸರಿದ್ದರೆ ಸಾಲದು, ಈ ವರ್ಷ ನಿಜವಾಗಿಯೂ ತರಗತಿ ನಡೆಯುತ್ತದೆಯೇ ಎಂದು ಕಚೇರಿಯಲ್ಲಿ ಕೇಳಿ, ಏಕೆಂದರೆ ಹತ್ತು ಮಕ್ಕಳೂ ಸೇರದಿದ್ದರೆ ಕಾಂಬಿನೇಷನ್ ಕೈಬಿಡುವ ಕಾಲೇಜುಗಳುಂಟು. ಪಾಠ ಮಾಡುವವರು ಮನಃಶಾಸ್ತ್ರದಲ್ಲೇ ಸ್ನಾತಕೋತ್ತರ ಪದವಿ ಪಡೆದವರೇ ಎಂಬುದು ಎರಡನೇ ಪ್ರಶ್ನೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅದೇ ಮುಖ್ಯ: ಲ್ಯಾಬ್ ತೋರಿಸಿ ಅನ್ನಿ. ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಗೆರೆಯ ಉದ್ದದಲ್ಲಿ ಕಣ್ಣಿಗಾಗುವ ಮೋಸವನ್ನು ಅಳೆಯುವ ಮುಲ್ಲರ್-ಲೈಯರ್ ಬೋರ್ಡ್, ಕನ್ನಡಿಯಲ್ಲಿ ನೋಡಿ ಬರೆಯುವ ಪೆಟ್ಟಿಗೆ, ಸ್ಟಾಪ್‌ವಾಚ್‌ಗಳು, ಕೈಪಿಡಿ ಸಮೇತ ಒಂದಷ್ಟು ಪರೀಕ್ಷಾ ಪುಸ್ತಿಕೆಗಳು ಇದ್ದರೆ ಸಾಕು. ಬೀಗ ಹಾಕಿದ ಬೀರುವಿನ ಮೇಲೆ ಧೂಳು ಕೂತಿದ್ದರೆ ಅಲ್ಲಿ ಪ್ರಯೋಗ ಮಾಡಿಸುವುದಿಲ್ಲ, ಹಳೆಯ ರೆಕಾರ್ಡ್ ನೋಡಿ ನಕಲು ಮಾಡಿಸುತ್ತಾರೆ ಎಂದು ತಿಳಿಯಬಹುದು. ಪಾಂಡವಪುರದಿಂದ ದಿನಾ ರೈಲಿನಲ್ಲಿ ಓಡಾಡುವುದಾದರೆ ಪ್ರಾಕ್ಟಿಕಲ್ ಬ್ಯಾಚ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದೂ ಕೇಳಿಕೊಳ್ಳಿ. ಮಧ್ಯಾಹ್ನದ ಬ್ಯಾಚ್ ತಪ್ಪಿಸಿಕೊಂಡು ರೈಲು ಹಿಡಿಯುವ ಅಭ್ಯಾಸ ಶುರುವಾದರೆ ರೆಕಾರ್ಡ್ ಅಲ್ಲಿಂದಲೇ ಕೆಡುತ್ತದೆ.

ಅಂಕಗಳ ಲೆಕ್ಕ ಸರಳ: ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಸಿಬಿಎಸ್‌ಇ ಶಾಲೆಗಳಲ್ಲೂ ಹನ್ನೊಂದು-ಹನ್ನೆರಡನೇ ತರಗತಿಗೆ ಇದೇ ಹಂಚಿಕೆ.

ಪಾಠಗಳ ಬಗ್ಗೆ ಉದ್ದಕ್ಕೆ ಹೇಳಬೇಕಿಲ್ಲ. ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಮೊದಲ ವರ್ಷ ಮನಃಶಾಸ್ತ್ರ ಎಂದರೇನು, ಅಧ್ಯಯನ ವಿಧಾನಗಳು, ಮಾನವ ವಿಕಾಸ, ಸಂವೇದನೆ-ಅವಧಾನ-ಪ್ರತ್ಯಕ್ಷಾನುಭವ, ಕಲಿಕೆ, ಸ್ಮೃತಿ, ಆಲೋಚನೆ, ಪ್ರೇರಣೆ ಮತ್ತು ಸಂವೇಗ. ಎರಡನೇ ವರ್ಷ ಬುದ್ಧಿಶಕ್ತಿ, ವ್ಯಕ್ತಿತ್ವ, ಒತ್ತಡ, ಮಾನಸಿಕ ಅಸ್ವಸ್ಥತೆಗಳು, ಚಿಕಿತ್ಸಾ ಪದ್ಧತಿಗಳು, ಮನೋಧೋರಣೆ, ಗುಂಪಿನ ಪ್ರಭಾವ. ಪಿಯು ಪಠ್ಯದಲ್ಲಿ ಅಧ್ಯಾಯಗಳ ಕ್ರಮ, ಹೆಸರು ಬೇರೆಯಾದರೂ ಹರವು ಹೆಚ್ಚುಕಡಿಮೆ ಇಷ್ಟೇ. ಮೊದಲ ವರ್ಷದ 'ಅಧ್ಯಯನ ವಿಧಾನಗಳು' ಅಧ್ಯಾಯವನ್ನು ಮಕ್ಕಳು ಒಣ ಪಾಠವೆಂದು ದಾಟಿಬಿಡುತ್ತಾರೆ. ಉಳಿದೆಲ್ಲ ಪಾಠಕ್ಕೂ ಅದೇ ಪಾಯ, ಎರಡು ಸಲ ಓದಿಸಿ.

ಪ್ರಾಕ್ಟಿಕಲ್: ಕೈಯಾರೆ ಮಾಡಿದವರಿಗೇ ದಕ್ಕುವ ಭಾಗ

ಪ್ರತಿ ಪ್ರಯೋಗಕ್ಕೂ ಇಬ್ಬರು ಬೇಕು: ಮಾಡಿಸುವ ಪ್ರಯೋಗಕರ್ತೆ, ಮಾಡುವ ಪ್ರಯೋಗಾರ್ಥಿ. ರೆಕಾರ್ಡ್‌ನಲ್ಲಿ ಉದ್ದೇಶ, ಪ್ರಾಕ್ಕಲ್ಪನೆ, ಚರಗಳು, ಸಾಮಗ್ರಿ, ಪ್ರಯೋಗಾರ್ಥಿಗೆ ಕೊಟ್ಟ ಸೂಚನೆ, ಕ್ರಮ, ಮುನ್ನೆಚ್ಚರಿಕೆ, ದತ್ತಾಂಶ, ಪ್ರಯೋಗಾರ್ಥಿಯ ಆತ್ಮಾವಲೋಕನ ವರದಿ, ಚರ್ಚೆ, ತೀರ್ಮಾನ ಇರಬೇಕು. ಇದರಲ್ಲಿ ಸೂಚನೆಯನ್ನು ಉದ್ಧರಣ ಚಿಹ್ನೆಯೊಳಗೆ, ಆಡಿದ ಮಾತು ಆಡಿದ ಹಾಗೆಯೇ ಬರೆಯಬೇಕು. 'ಬೇಗ ಮಾಡು' ಎಂದು ಒಬ್ಬಳಿಗೆ, 'ಸರಿಯಾಗಿ ಮಾಡು' ಎಂದು ಇನ್ನೊಬ್ಬಳಿಗೆ ಹೇಳಿದರೆ ಮೊದಲನೆಯವಳು ತಪ್ಪು ಹೆಚ್ಚು ಮಾಡುತ್ತಾಳೆ, ಎರಡನೆಯವಳು ಸಮಯ ಹೆಚ್ಚು ತೆಗೆದುಕೊಳ್ಳುತ್ತಾಳೆ. ಆ ವ್ಯತ್ಯಾಸ ಬಂದದ್ದು ಮನಸ್ಸಿನಿಂದಲ್ಲ, ನಿಮ್ಮ ಮಾತಿನಿಂದ.

ಮುಲ್ಲರ್-ಲೈಯರ್ ಭ್ರಮೆಯನ್ನೇ ತೆಗೆದುಕೊಳ್ಳೋಣ. 1889ರಲ್ಲಿ ಪ್ರಕಟವಾದ ಇದನ್ನು ಇಂದಿಗೂ ಎಲ್ಲೆಡೆ ಮಾಡಿಸುತ್ತಾರೆ. ಬೋರ್ಡಿನ ಒಂದು ಭಾಗದಲ್ಲಿ ಎರಡೂ ತುದಿಗೆ ಬಾಣದ ತಲೆಯಿರುವ ಸ್ಥಿರ ಗೆರೆ. ಇನ್ನೊಂದು ಭಾಗದಲ್ಲಿ ತುದಿಗಳು ಗರಿಯಂತೆ ಹೊರಕ್ಕೆ ತೆರೆದ ಗೆರೆ, ಇದನ್ನು ಎಳೆದು ಉದ್ದ-ಗಿಡ್ಡ ಮಾಡಬಹುದು. ಎರಡೂ ಸಮವೆನಿಸುವ ತನಕ ಪ್ರಯೋಗಾರ್ಥಿ ಸರಿಸುತ್ತಾಳೆ. ಗರಿಯ ತುದಿಯ ಗೆರೆ ಇರುವುದಕ್ಕಿಂತ ಉದ್ದ ಕಾಣುವುದರಿಂದ ಅವಳು ಅದನ್ನು ಗಿಡ್ಡವಾಗಿಯೇ ನಿಲ್ಲಿಸುತ್ತಾಳೆ. ಸ್ಥಿರ ಗೆರೆ 10 ಸೆಂ.ಮೀ. ಇದ್ದು ಅವಳ ಸರಾಸರಿ 8.2 ಬಂದರೆ ಭ್ರಮೆಯ ಪ್ರಮಾಣ 1.8 ಸೆಂ.ಮೀ., ಸರಾಸರಿಯಿಂದ ಸ್ಥಿರ ಉದ್ದ ಕಳೆದಾಗ ಚಿಹ್ನೆ ಋಣ. 'ಭ್ರಮೆ ಇದೆ ಅಂದಮೇಲೆ ಹೆಚ್ಚು ಬರಬೇಕಲ್ಲವೇ' ಎಂದು ಋಣ ಚಿಹ್ನೆ ಅಳಿಸಿ ಧನ ಮಾಡುವುದು ಪ್ರತಿ ವರ್ಷ ಕಾಣುವ ತಪ್ಪು.

ಇಲ್ಲಿ ಇನ್ನೆರಡು ದೋಷಗಳನ್ನು ಸರಿದೂಗಿಸಬೇಕು. ಗಿಡ್ಡದಿಂದ ಉದ್ದಕ್ಕೆ ಎಳೆಯುವಾಗ ಕೈ ಬೇಗ ನಿಲ್ಲುತ್ತದೆ, ಉದ್ದದಿಂದ ಗಿಡ್ಡಕ್ಕೆ ತಳ್ಳುವಾಗಲೂ ಹಾಗೆಯೇ, ಇದು ಚಲನೆಯ ದೋಷ. ಗೆರೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದರಿಂದ ಬರುವುದು ಸ್ಥಾನದ ದೋಷ. ಅದಕ್ಕಾಗಿ 20 ಸಲ ಮಾಡಿಸುವುದಾದರೆ 10 ಎಡದಲ್ಲಿ, 10 ಬಲದಲ್ಲಿ, ಪ್ರತಿ ಹತ್ತರಲ್ಲಿ 5 ಹಿಗ್ಗಿಸುತ್ತಾ, 5 ಕುಗ್ಗಿಸುತ್ತಾ. ಮೊದಲ ಹತ್ತನ್ನು ಪೂರ್ತಿ ಎಡದಲ್ಲೇ ಮುಗಿಸಿಬಿಟ್ಟರೆ ಕೊನೆಕೊನೆಗೆ ಬರುವ ಅಭ್ಯಾಸ ಮತ್ತು ದಣಿವೆಲ್ಲ ಬಲದ ಲೆಕ್ಕಕ್ಕೆ ಬೀಳುತ್ತದೆ, ಹಾಗಾಗಿ ಎಡ-ಬಲ-ಬಲ-ಎಡ ಎಂದು ಹೆಣೆಯಬೇಕು. ಮಧ್ಯೆ ಸ್ಕೇಲ್ ತೋರಿಸಬಾರದು, 'ಸರಿ', 'ತಪ್ಪು' ಅನ್ನಬಾರದು. ಇಪ್ಪತ್ತೂ ಸಂಖ್ಯೆ 8.0, 8.1, 8.0 ಎಂದು ಒಂದೇ ತೆರನಾಗಿದ್ದರೆ ಅದು ಮನೆಯಲ್ಲಿ ಕೂತು ತುಂಬಿದ ಕೋಷ್ಟಕವೆಂದು ಪರೀಕ್ಷಕರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ನಿಜವಾದ ಕೈ ಅಷ್ಟು ಶಿಸ್ತಾಗಿ ನಡೆಯುವುದಿಲ್ಲ.

ಕನ್ನಡಿಯಲ್ಲಿ ನಕ್ಷತ್ರ ಬರೆಯುವ ಪ್ರಯೋಗದಲ್ಲಿ ಒಂದು ಕೈಯ ಅಭ್ಯಾಸ ಇನ್ನೊಂದು ಕೈಗೆ ವರ್ಗವಾಗುತ್ತದೆಯೇ ಎಂದು ನೋಡುತ್ತೇವೆ. ಬಲಗೈ ಬಳಕೆಯವಳಾದರೆ ಮೊದಲು ಎಡಗೈಯಲ್ಲಿ ಒಮ್ಮೆ, ನಂತರ ಬಲಗೈಯಲ್ಲಿ 10 ಸಲ, ಕೊನೆಗೆ ಮತ್ತೆ ಎಡಗೈಯಲ್ಲಿ ಒಮ್ಮೆ. ಪ್ರತಿ ಸಲವೂ ಸಮಯ ಮತ್ತು ಗೆರೆ ದಾಟಿದ ತಪ್ಪುಗಳನ್ನು ಬೇರೆಬೇರೆ ಬರೆಯಬೇಕು. ಎಡಗೈಯ ಮೊದಲ ಸಮಯ 180 ಸೆಕೆಂಡ್, ಕೊನೆಯದು 108 ಆದರೆ ಉಳಿತಾಯ 72, ಅಂದರೆ ಶೇ. 40. ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ. ಆದರೆ ಎಡಗೈ ಸುಧಾರಿಸಿದ್ದು ಬಲಗೈಯ ಅಭ್ಯಾಸದಿಂದಲೇ ಎಂದು ಹೇಗೆ ಹೇಳುವುದು? ಎಡಗೈಯೇ ಮೊದಲ ಸಲ ಮಾಡಿದಾಗ ಕಲಿತದ್ದೂ ಅದರಲ್ಲಿ ಸೇರಿರಬಹುದಲ್ಲ? ಅದನ್ನು ಬೇರ್ಪಡಿಸಲು ಇನ್ನೊಂದು ಗುಂಪು ಬೇಕು. ಅವರು ಎಡಗೈಯಲ್ಲಿ ಮಾಡಿ, ಬಲಗೈ ಅಭ್ಯಾಸದ ಹೊತ್ತಿನಷ್ಟು ಸುಮ್ಮನೆ ಕೂತು, ಮತ್ತೆ ಎಡಗೈಯಲ್ಲೇ ಮಾಡುತ್ತಾರೆ. ಅವರ ಉಳಿತಾಯ ಶೇ. 15 ಬಂತು ಅಂದುಕೊಳ್ಳಿ, ಆಗ ಬಲಗೈಯಿಂದ ವರ್ಗವಾಗಿರಬಹುದಾದದ್ದು ಉಳಿದ 25 ಮಾತ್ರ. ನಿಯಂತ್ರಿತ ಗುಂಪು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗದು. ಲ್ಯಾಬ್‌ನಲ್ಲಿ ಆ ಗುಂಪು ಇಡದಿದ್ದರೂ ಚರ್ಚೆಯಲ್ಲಿ ಈ ಮಿತಿಯನ್ನು ಮೂರು ಸಾಲಿನಲ್ಲಿ ಬರೆಯಲಿ. ಮೌಖಿಕ ಪರೀಕ್ಷೆಯಲ್ಲಿ ಉತ್ತಮ ಪರೀಕ್ಷಕರು ಕೆದಕುವುದು ಅಲ್ಲೇ.

ಸ್ಮೃತಿಯ ಪ್ರಯೋಗಗಳಲ್ಲಿ ಕನ್ನಡದ ಮಕ್ಕಳು ಸ್ವಲ್ಪ ಹೆಚ್ಚು ಎಚ್ಚರ ವಹಿಸಬೇಕು. 1885ರಲ್ಲಿ ಎಬ್ಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ಪ್ರಕಟಿಸಿದ ಕಾಲದಿಂದ ಇದಕ್ಕೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಳಸುವ ರೂಢಿಯಿದೆ. ಪುಸ್ತಕದಲ್ಲಿರುವ ಇಂಗ್ಲಿಷ್ ಗುಚ್ಛಗಳನ್ನು ಕನ್ನಡ ಮಾಧ್ಯಮದ ಪ್ರಯೋಗಾರ್ಥಿಗೆ ತೋರಿಸಿದರೆ ಅವಳು ಮೊದಲು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ, ಓದುವ ಕಷ್ಟವೇ ನೆನಪಿನ ಅಂಕಿಯಾಗಿ ಬರುತ್ತದೆ. ಕನ್ನಡದಲ್ಲೇ ಎರಡಕ್ಷರದ 'ಠೆಮು', 'ಝೊಪಿ'ಯಂಥವನ್ನು ಕಟ್ಟಿಕೊಳ್ಳುವುದು ಮೇಲು. ಕಟ್ಟಿದ ಮೇಲೆ ಐದಾರು ಜನಕ್ಕೆ ತೋರಿಸಿ 'ಇದು ಏನನ್ನಾದರೂ ನೆನಪಿಸುತ್ತದೆಯೇ' ಎಂದು ಕೇಳಬೇಕು. 'ಮೊಗೆ' ಎಂಬುದು ಪೇಟೆಯ ಹುಡುಗಿಗೆ ಅರ್ಥವಿಲ್ಲದ ಸದ್ದು, ಹಂಡೆಯಿಂದ ನೀರು ಮೊಗೆದು ಬೆಳೆದವಳಿಗೆ ದಿನನಿತ್ಯದ ಮಾತು. ಯಾರಿಗಾದರೂ ಅರ್ಥ ಹೊಳೆದ ಗುಚ್ಛವನ್ನು ತೆಗೆದುಹಾಕಿ.

ಅಂಕಿಗಳ ಸ್ಮೃತಿ ವಿಸ್ತಾರದಲ್ಲೂ (ಒಮ್ಮೆ ಕೇಳಿ ಎಷ್ಟು ಅಂಕಿ ಮರಳಿ ಹೇಳಬಲ್ಲಳು ಎಂಬುದು) ಇಂಥದೇ ಸೂಕ್ಷ್ಮವಿದೆ. ಅಂಕಿಗಳನ್ನು ಸೆಕೆಂಡಿಗೆ ಒಂದರಂತೆ, ದನಿ ಏರಿಳಿಸದೆ ಓದಬೇಕು. 'ಮೂರು ಏಳು... ಎರಡು ಒಂಬತ್ತು' ಎಂದು ಜೋಡಿ ಮಾಡಿ ಓದಿದರೆ ಕೇಳುವವಳಿಗೆ ಎರಡೇ ಗುಂಪು ಸಿಕ್ಕಿ ವಿಸ್ತಾರ ಸುಳ್ಳೇ ಹೆಚ್ಚುತ್ತದೆ. 1956ರಲ್ಲಿ ಮನಃಶಾಸ್ತ್ರಜ್ಞ ಮಿಲ್ಲರ್ ಹೇಳಿದ 'ಏಳು, ಎರಡು ಹೆಚ್ಚುಕಡಿಮೆ' ಗುಂಪುಗಳ ಲೆಕ್ಕವೇ ಹೊರತು ಬಿಡಿ ಅಂಕಿಗಳದ್ದಲ್ಲ. ಜೊತೆಗೆ, ಅಂಕಿಯ ಹೆಸರು ಹೇಳಲು ಎಷ್ಟು ಹೊತ್ತು ಬೇಕೋ ಅದರ ಮೇಲೂ ವಿಸ್ತಾರ ನಿಂತಿದೆ. ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲೆ 1980ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಆದ್ದರಿಂದ ಒಬ್ಬಳಿಗೆ ಕನ್ನಡದಲ್ಲಿ, ಇನ್ನೊಬ್ಬಳಿಗೆ ಇಂಗ್ಲಿಷ್‌ನಲ್ಲಿ ಓದಿ ಇಬ್ಬರನ್ನೂ ಹೋಲಿಸಬಾರದು.

ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಸುಲಭ ಪ್ರಯೋಗವಿದೆ. 30 ಸೆಂ.ಮೀ. ಸ್ಕೇಲನ್ನು ತಂಗಿಯ ಬೆರಳುಗಳ ನಡುವೆ ಸೊನ್ನೆಯ ಗುರುತು ಬರುವಂತೆ ಹಿಡಿದು, ಹೇಳದೆ ಕೈಬಿಡುವುದು. ಅವಳು 15 ಸೆಂ.ಮೀ. ಬಳಿ ಹಿಡಿದರೆ ಪ್ರತಿಕ್ರಿಯಾ ಕಾಲ ಸುಮಾರು 0.175 ಸೆಕೆಂಡ್, 20ರ ಬಳಿಯಾದರೆ ಸುಮಾರು 0.20. ಐದು ಸಲದ ಕಾಲ 0.18, 0.19, 0.20, 0.19, 0.24 ಎಂದು ಬಂತೆನ್ನಿ. ಸರಾಸರಿ 0.20, ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಸಂಖ್ಯೆ) 0.19. ಕೊನೆಯ ಸಲ ಗಮನ ಎತ್ತಲೋ ಹೋಗಿತ್ತು, ಆ ಒಂದೇ ಸಂಖ್ಯೆ ಸರಾಸರಿಯನ್ನು ಮೇಲೆಳೆಯಿತು. ಮಧ್ಯಾಂಕ ಏಕೆ ಬೇಕೆಂಬುದು ಸ್ಕೇಲ್ ಕೈಯಲ್ಲಿ ಹಿಡಿದವರಿಗೆ ಬಾಯಿಪಾಠವಿಲ್ಲದೆ ಬರುತ್ತದೆ.

ಬುದ್ಧಿಶಕ್ತಿ, ವ್ಯಕ್ತಿತ್ವ, ಆತಂಕದ ಪರೀಕ್ಷೆಗಳನ್ನು ಎರಡನೇ ವರ್ಷ ಮಾಡಿಸುತ್ತಾರೆ. ಅವುಗಳ ಕೈಪಿಡಿಯಲ್ಲಿ ಯಾವ ವಯಸ್ಸಿಗೆ, ಯಾವ ಭಾಷೆಯವರಿಗೆ ಮಾನಕಗಳನ್ನು (ಅಂಕವನ್ನು ಹೋಲಿಸಿ ನೋಡುವ ಪಟ್ಟಿಗಳನ್ನು) ಸಿದ್ಧಪಡಿಸಿದ್ದಾರೆಂದು ಬರೆದಿರುತ್ತದೆ, ಮೊದಲು ಅದನ್ನೇ ಓದಬೇಕು. ಇಂಗ್ಲಿಷ್ ಪ್ರಶ್ನೆಯನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳಿ, ಇಂಗ್ಲಿಷ್ ಮಾನಕದ ಪಟ್ಟಿಯಲ್ಲಿ ಅಂಕ ಹುಡುಕಿದರೆ ಆ ಅಂಕಕ್ಕೆ ಬೆಲೆಯಿಲ್ಲ. ಮೊಬೈಲ್‌ನಲ್ಲಿ ಸಿಗುವ 'ಐಕ್ಯೂ ಟೆಸ್ಟ್'ಗಳನ್ನು ರೆಕಾರ್ಡ್‌ಗೆ ತರುವುದೇ ಬೇಡ.

ಇಲ್ಲಿ ಹಳ್ಳಿಯ ಮಕ್ಕಳು ವಿಶೇಷವಾಗಿ ನೆನಪಿಡಬೇಕಾದ ಒಂದು ವಿಷಯವಿದೆ. ವ್ಯಕ್ತಿ ಅಧ್ಯಯನ ಬರೆಯುವಾಗ ಹೆಸರು ಬದಲಿಸಿದರೆ ಸಾಲದು. 'ನಮ್ಮೂರ ಡೇರಿಯ ಪಕ್ಕದ ಮನೆಯ, ಗಂಡ ತೀರಿಕೊಂಡ ಮಹಿಳೆ' ಎಂದು ಬರೆದರೆ ಊರಿಗೆ ಊರೇ ಗುರುತಿಸುತ್ತದೆ. ಹೆಸರಿನ ಮೊದಲಕ್ಷರವೂ ಬೇಡ, ಸಂಖ್ಯೆಯೊಂದನ್ನು ಕೊಟ್ಟು ಊರು, ಜಾತಿ, ಕಸುಬಿನ ಗುರುತನ್ನು ತೆಗೆಯಬೇಕು. ಅವರ ಒಪ್ಪಿಗೆ ಮೊದಲೇ ಪಡೆದಿರಬೇಕು, ಹದಿನೆಂಟು ತುಂಬದವರಾದರೆ ಪೋಷಕರದ್ದೂ. ಪರೀಕ್ಷೆಯ ಅಂಕವನ್ನು ತರಗತಿಯಲ್ಲಿ ಓದಿ ಹೇಳುವುದು, 'ನಿನಗೆ ಆತಂಕ ಜಾಸ್ತಿ ಇದೆಯಂತೆ' ಎಂದು ಗೆಳತಿಗೆ ಹೇಳುವುದು ಎಂದಿಗೂ ಕೂಡದು.

ಬರೆಯುವ ಪರೀಕ್ಷೆ, ಕನ್ನಡದಲ್ಲಿ

ಕನ್ನಡದಲ್ಲಿ ಬರೆಯಬಹುದು, ಅದರಿಂದ ಅಂಕ ಕಡಿಮೆಯಾಗಬೇಕಿಲ್ಲ. ತೊಡಕು ಬೇರೆ ಕಡೆ ಇದೆ: ಒಂದು ಪುಸ್ತಕದ 'ಚರ' ಇನ್ನೊಂದರಲ್ಲಿ 'ಚಲಕ', ಒಂದರ 'ಪ್ರಾಕ್ಕಲ್ಪನೆ' ಇನ್ನೊಂದರಲ್ಲಿ 'ಊಹೆ'. ಹಾಗಾಗಿ ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಲಿ. ಕನ್ನಡ ಪದ, ಅದರ ಇಂಗ್ಲಿಷ್ ಪದ, ಪಕ್ಕದಲ್ಲಿ ಸ್ವಂತ ಉದಾಹರಣೆ. ವಾರಕ್ಕೆ ಹತ್ತು ಪದ ಸಾಕು. ಸ್ನಾತಕೋತ್ತರ ಪಾಠಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ನಡೆಯುವುದರಿಂದ ಈ ನೋಟ್‌ಬುಕ್ ಅಲ್ಲಿಯವರೆಗೂ ಉಪಯೋಗಕ್ಕೆ ಬರುತ್ತದೆ.

ಉತ್ತರ ಪತ್ರಿಕೆಯಲ್ಲಿ ಅಂಕ ಸೋರುವ ದೊಡ್ಡ ತೂತು ಎಂದರೆ ಉಪದೇಶ. 'ಹದಿಹರೆಯದವರು ಎದುರಿಸುವ ಸಮಸ್ಯೆಗಳು' ಎಂದು ಕೇಳಿದರೆ 'ಮಕ್ಕಳು ತಂದೆ-ತಾಯಿಯ ಮಾತು ಕೇಳಬೇಕು' ಎಂದು ಒಂದು ಪುಟ. ಕೇಳಿದ್ದು ಪರಿಕಲ್ಪನೆ. ಪರಿಕಲ್ಪನೆಯ ಹೆಸರು, ವ್ಯಾಖ್ಯೆ, ಯಾರ ಸಿದ್ಧಾಂತ, ಒಂದು ಉದಾಹರಣೆ, ಆಮೇಲೆ ಅದರ ಮಿತಿ, ಈ ಕ್ರಮದಲ್ಲಿ ಬರೆದರೆ ಐದು ಅಂಕದ ಉತ್ತರ ಒಂದು ಪುಟದಲ್ಲಿ ಮುಗಿಯುತ್ತದೆ.

ಮಕ್ಕಳು ಸದಾ ಗೊಂದಲ ಮಾಡಿಕೊಳ್ಳುವ ಜೋಡಿಗಳೂ ಇವೆ. ಋಣಾತ್ಮಕ ಪುನರ್ಬಲನವನ್ನು ಶಿಕ್ಷೆ ಎಂದೇ ಬರೆಯುತ್ತಾರೆ. ಪುನರ್ಬಲನ ಯಾವ ಬಗೆಯದಾದರೂ ನಡವಳಿಕೆಯನ್ನು ಹೆಚ್ಚಿಸುತ್ತದೆ. ಫ್ಯಾನ್ ಹಾಕಿದೊಡನೆ ಸೊಳ್ಳೆಕಾಟ ನಿಂತಿತು, ನಾಳೆಯೂ ಸಂಜೆಯಾದೊಡನೆ ಫ್ಯಾನ್ ಹಾಕುತ್ತೇವೆ: ಹಿಂಸೆಯೊಂದು ತೊಲಗಿದ್ದರಿಂದ ನಡವಳಿಕೆ ಹೆಚ್ಚಿತು, ಇದು ಋಣಾತ್ಮಕ ಪುನರ್ಬಲನ. ತಡವಾಗಿ ಬಂದದ್ದಕ್ಕೆ ಮೊಬೈಲ್ ಕಿತ್ತುಕೊಂಡರು, ತಡವಾಗಿ ಬರುವುದು ಕಡಿಮೆಯಾಯಿತು: ಇದು ಶಿಕ್ಷೆ. ಸ್ಮೃತಿಯಲ್ಲಿ, ಎಟಿಎಂನ ಹೊಸ ಪಿನ್ ಒತ್ತಲು ಹೋದಾಗ ಹಳೆಯದೇ ಬೆರಳಿಗೆ ಬಂದರೆ ಅದು ಪೂರ್ವಲಕ್ಷಿ (ಪ್ರೊಆಕ್ಟಿವ್) ಅಡ್ಡಿ. ಹೊಸದು ಪಳಗಿದ ಮೇಲೆ ಹಳೆಯ ಪಿನ್ ಎಷ್ಟು ತಿಣುಕಿದರೂ ನೆನಪಾಗದಿದ್ದರೆ ಪಶ್ಚಾತ್ಲಕ್ಷಿ (ರೆಟ್ರೋಆಕ್ಟಿವ್) ಅಡ್ಡಿ. ಸ್ಕಿಜೋಫ್ರೇನಿಯಾ ಎಂದರೆ 'ಎರಡು ವ್ಯಕ್ತಿತ್ವ' ಎಂದು ಸಿನಿಮಾ ನೋಡಿ ಬರೆಯುತ್ತಾರೆ. ಅದರಲ್ಲಿ ಇರುವುದು ಭ್ರಾಂತಿ, ಇಲ್ಲದ ದನಿ ಕೇಳುವಂಥ ಭ್ರಮಾನುಭವ, ಚದುರಿದ ಆಲೋಚನೆ. ವ್ಯಕ್ತಿತ್ವಗಳು ಬೇರೆಯಾಗುವುದು ಇನ್ನೊಂದು ಅಸ್ವಸ್ಥತೆ.

ಬುದ್ಧಿಲಬ್ಧದ (ಐಕ್ಯೂ) ಲೆಕ್ಕ ಕೊಟ್ಟರೆ ಬಿಡಬಾರದು: ಮಾನಸಿಕ ವಯಸ್ಸನ್ನು ನೈಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುವುದು. ಮಾನಸಿಕ ವಯಸ್ಸು 12, ನೈಜ ವಯಸ್ಸು 10 ಆದರೆ 120. ಭಾಗಿಸುವ ಈ ಕಲ್ಪನೆ 1912ರ ಸ್ಟರ್ನ್ ಅವರದ್ದು, 100ರಿಂದ ಗುಣಿಸುವುದು ಆಮೇಲೆ ಸೇರಿದ್ದು. ವಯಸ್ಕರಿಗೆ ಇದು ಹೊಂದದ ಕಾರಣ ಈಗ ಸರಾಸರಿ 100, ಮಾನಕ ವಿಚಲನೆ 15 ಇರುವ ವಿಧಾನ ಬಳಸುತ್ತಾರೆ ಎಂದು ಒಂದು ಸಾಲು ಸೇರಿಸಿದರೆ ಉತ್ತರ ಪೂರ್ತಿಯಾಗುತ್ತದೆ.

ಓದುವ ವಿಧಾನಕ್ಕೂ ಇದೇ ಶಾಸ್ತ್ರದಲ್ಲಿ ಉತ್ತರವಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ಹಾಗಾಗಿ ಪಾಂಡವಪುರದಿಂದ ಮೈಸೂರಿಗೆ ಬರುವ ರೈಲಿನಲ್ಲಿ ಪುಸ್ತಕ ತೆರೆಯುವುದು ಬೇಡ. ಖಾಲಿ ಹಾಳೆ ತೆಗೆದು ನಿನ್ನೆಯ ಪಾಠದಲ್ಲಿ ನೆನಪಿರುವುದನ್ನೆಲ್ಲ ಬರೆಯಲಿ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಮೂರು ದಿನಕ್ಕೆ, ಹತ್ತು ದಿನಕ್ಕೆ ಅದೇ ಪಾಠ ಮತ್ತೊಮ್ಮೆ.

ಎರಡನೇ ವರ್ಷ ಅಸ್ವಸ್ಥತೆಗಳ ಪಾಠ ಬಂದಾಗ ಮನೆಯವರು ಸ್ವಲ್ಪ ಗಮನಿಸಿ. ಓದಿದ ಲಕ್ಷಣಗಳೆಲ್ಲ ತನಗೇ ಇವೆಯೆಂದು, ಇಲ್ಲವೇ ಅಪ್ಪನಿಗೆ, ಅಜ್ಜಿಗೆ ಇವೆಯೆಂದು ಅನಿಸುವುದು ಬಹಳ ಸಾಮಾನ್ಯ. ಒಂದೆರಡು ಲಕ್ಷಣದಿಂದ ರೋಗನಿರ್ಣಯವಾಗದು. ಅವಧಿ ಎಷ್ಟು, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ ಎಂಬುದೂ ಸೇರಬೇಕು ಎಂದು ಪಾಠವೇ ಹೇಳುತ್ತದೆ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಓದು ಎಲ್ಲವೂ ಕೆಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ಅದನ್ನು ಪುಸ್ತಕದ ಪ್ರಭಾವ ಎಂದು ತಳ್ಳಿಹಾಕಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಂಡ್ಯ ಮತ್ತು ಮೈಸೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿದೆ.

ಮುಂದಿನ ದಾರಿ

ಪಿಯುಸಿ ಮುಗಿಸಿದೊಡನೆ ಯಾವ ಕೆಲಸಕ್ಕೂ ಇದು ಅರ್ಹತೆಯಲ್ಲ, ಬಿಎ ಒಂದರಿಂದ ಆಪ್ತ ಸಮಾಲೋಚಕಿ ಆಗಲೂ ಬಾರದು. ಇದನ್ನು ಈಗಲೇ ತಿಳಿದಿರಲಿ. ಪದವಿ 3 ವರ್ಷ, ಎಂಎ ಅಥವಾ ಎಂಎಸ್ಸಿ 2 ವರ್ಷ. ಚಿಕಿತ್ಸಾ ಮನಃಶಾಸ್ತ್ರಜ್ಞೆಯಾಗಿ ರೋಗಿಗಳನ್ನು ನೋಡಬೇಕಾದರೆ ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ವೃತ್ತಿ ತರಬೇತಿ ಮತ್ತು ನೋಂದಣಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದು ಎರಡು ವರ್ಷದ ಎಂಫಿಲ್ ರೂಪದಲ್ಲಿ ನಡೆದುಬಂದಿದೆ, ಸೀಟು ಬಹಳ ಕಡಿಮೆ, ಪೈಪೋಟಿ ಹೆಚ್ಚು. ಈ ಕೋರ್ಸ್‌ಗಳ ಹೆಸರು ಮತ್ತು ಸ್ವರೂಪ ಈಗ ಬದಲಾಗುತ್ತಿರುವುದರಿಂದ ಆ ಹಂತಕ್ಕೆ ಬಂದ ವರ್ಷ ಪರಿಷತ್ತಿನ ಪಟ್ಟಿಯನ್ನೇ ನೋಡಿ ಸೇರಬೇಕು. ಅಂತೂ ಇವತ್ತಿನಿಂದ ಎಣಿಸಿದರೆ ಒಂಬತ್ತು ವರ್ಷದ ದಾರಿ. ಖರ್ಚಿನ ಲೆಕ್ಕ ಹಾಕುವಾಗ ಇದನ್ನೇ ಇಟ್ಟುಕೊಳ್ಳಿ.

ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ಸ್ನಾತಕೋತ್ತರ ಪದವಿಯ ನಂತರ ಶಾಲಾ ಸಮಾಲೋಚಕಿಯಾಗಬಹುದು, ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಮಾಲೋಚಕರು ಇರಬೇಕೆಂದು ನಿಯಮ ಮಾಡಿದೆ. ಪದವಿಯ ನಂತರ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕಡೆ ತಿರುಗಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಹೋಗುವವರಿದ್ದಾರೆ, ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗುವವರೂ ಇದ್ದಾರೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದು 500 ಅಂಕದ ಐಚ್ಛಿಕ ವಿಷಯ. ಪ್ರೌಢಶಾಲಾ ಶಿಕ್ಷಕಿಯಾಗುವ ಆಸೆಯಿದ್ದರೆ ಮಾತ್ರ ಹುಷಾರು. ಪ್ರೌಢಶಾಲೆಯಲ್ಲಿ ಮನಃಶಾಸ್ತ್ರ ಎಂಬ ವಿಷಯವೇ ಇಲ್ಲದ್ದರಿಂದ ಪದವಿಯಲ್ಲಿ ಜೊತೆಗೆ ಇತಿಹಾಸವೋ ಕನ್ನಡವೋ ಇಂಗ್ಲಿಷೋ ಇರುವ ಕಾಂಬಿನೇಷನ್ ಆರಿಸಬೇಕು, ಇಲ್ಲದಿದ್ದರೆ ಬಿ.ಎಡ್. ಹೊತ್ತಿಗೆ ತೊಡಕಾಗುತ್ತದೆ.

ಕೊನೆಯದಾಗಿ, ಓಡಾಟದ ಕಷ್ಟಕ್ಕೆ 'ಪದವಿಯನ್ನು ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮಾಡಿಸೋಣ' ಎಂದು ಯಾರಾದರೂ ಸಲಹೆ ಕೊಡಬಹುದು. ಮನಃಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ವಿಧಾನದಲ್ಲಿ ಕೊಡಬಾರದೆಂದು ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ತಡೆದಿದೆ. ಯಾರಾದರೂ ಅಂಥ ಸೀಟು ಕೊಡುತ್ತೇವೆಂದು ಹಣ ಕೇಳಿದರೆ, ಯುಜಿಸಿ ವೆಬ್‌ಸೈಟ್‌ನಲ್ಲಿ ಆ ವರ್ಷದ ಮಾನ್ಯತೆಯನ್ನು ಕಣ್ಣಾರೆ ನೋಡುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ.